ಎಲ್ಲರಿಗೂ ಕೇಳಿಸಿದ ಸದ್ದು

"ಚಾಕು ನಿನ್ನದೇ ತಾನೇ?"

"ನಂದೇ."

"ಬೇರೆ ಯಾರ ಕೈಗಾದರೂ ಕೊಟ್ಟಿದ್ದೆಯಾ?"

"ಇಲ್ಲ."

"ಎಲ್ಲಾದರೂ ಬಿಟ್ಟು ಬಂದಿದ್ದೆಯಾ?"

ಮೊದಲಿನ ಎರಡಕ್ಕೂ ಥಟ್ಟನೆ ಉತ್ತರ ಕೊಟ್ಟಿದ್ದ, ನರ್ಸರಿಯಲ್ಲಿ ಗಿಡಗಳಿಗೆ ಕಸಿ ಕಟ್ಟುವ ಕಸಿಗಾರ ಮೂರನೆಯದಕ್ಕೆ ತಡವರಿಸಿದ. ಪಕ್ಕದಲ್ಲಿ ಕೂತಿದ್ದ ಟೈಲರಮ್ಮ ಪ್ರಶ್ನೆಯನ್ನು ಅವನ ಭಾಷೆಯಲ್ಲಿ ಇನ್ನೊಮ್ಮೆ ಹೇಳಿದಳು. ಅವನು ಮೇಜಿನ ಮೇಲಿದ್ದ ಚಾಕುವಿನಿಂದ ಕಣ್ಣು ಕಿತ್ತು ಗೋಡೆ ನೋಡಿದ.

"ಇಲ್ಲ," ಎಂದ. "ಅದು ಯಾವಾಗಲೂ ನನ್ನ ಸೊಂಟದಲ್ಲೇ ಇರುತ್ತೆ."

ಮೂಲೆಯಲ್ಲಿ ಹೇಳಿಕೆ ಬರೆದುಕೊಳ್ಳುತ್ತಿದ್ದ ಹೆಡ್ ಕಾನ್‌ಸ್ಟೇಬಲ್ ಪೆನ್ನು ಕೆಳಗಿಟ್ಟ. ಆರಡಿ ಮೂರಂಗುಲದ ಆಳು. ಠಾಣೆಯಲ್ಲಿ ಎಲ್ಲರಿಗೂ ಅವನು ಉದ್ದಣ್ಣ. "ಮೇಡಂ, ಇವನೇ ತನ್ನ ಕೈಯಾರೆ ಉರುಳು ಬಿಗಿದುಕೊಳ್ತಾ ಇದಾನೆ. ನಾವು ಇನ್ನೇನು ಕೇಳೋದು?"

ಇನ್ಸ್‌ಪೆಕ್ಟರ್ ಚಾಕುವನ್ನು ತನ್ನ ಕಡೆ ಎಳೆದುಕೊಂಡಳು. ಸೋಮವಾರ ಬೆಳಿಗ್ಗೆ ನರ್ಸರಿಯ ಚಿಕ್ಕ ಯಜಮಾನರು ತಮ್ಮ ಗಾಜಿನ ಮನೆಯಲ್ಲಿ ಸತ್ತು ಬಿದ್ದಿದ್ದರು. ಎದೆಯಲ್ಲಿ ಇದೇ ಚಾಕು ಹಿಡಿಮಟ್ಟ ಇಳಿದಿತ್ತು. ಇವತ್ತು ಗುರುವಾರ. ಗೋಡೆಯ ಗಡಿಯಾರದಲ್ಲಿ ಒಂಬತ್ತು ಗಂಟೆ. ಹನ್ನೊಂದಕ್ಕೆ ಅಂತ್ಯಕ್ರಿಯೆ. ಮಧ್ಯಾಹ್ನ ಕಸಿಗಾರನನ್ನು ದೊಡ್ಡ ಕೋರ್ಟಿಗೆ ಒಪ್ಪಿಸಬೇಕು. ಅಲ್ಲಿಂದ ಆಚೆ ಅವನು ಅವಳ ಕೈಯಲ್ಲಿರುವುದಿಲ್ಲ.

ಚಾಕುವಿನ ಅಲಗು ಗೇಣುದ್ದವೂ ಇರಲಿಲ್ಲ. ಸಾಣೆ ಹಿಡಿದು ಹಿಡಿದು ಅರ್ಧ ಸವೆದಿತ್ತು. ಮರದ ಹಿಡಿಯಲ್ಲಿ ಹೆಬ್ಬೆರಳು ಕೂರುವ ಜಾಗ ಗುಳಿ ಬಿದ್ದಿತ್ತು. ಅಂಥ ಚಾಕುವನ್ನು ಸೊಂಟಕ್ಕೆ ಕಟ್ಟಿಕೊಂಡು ಈ ಊರಿನ ಬೀದಿಯಲ್ಲಿ ನಡೆದವನು ಇವನೊಬ್ಬನೇ. ಈ ದೇಶದಲ್ಲಿ ಬೆರಳುದ್ದಕ್ಕಿಂತ ದೊಡ್ಡ ಅಲಗು ಮನೆಯಿಂದ ಹೊರಗೆ ಕಂಡರೆ ಅಪರಾಧ. ಇವನು ಈ ದೇಶಕ್ಕೆ ಬಂದ ಎರಡು ವರ್ಷದಲ್ಲಿ ಇವನ ಮೇಲೆ ಹನ್ನೊಂದು ದೂರು ಬಂದಿದ್ದವು. ಬಸ್ಸಿನಲ್ಲಿ ಇವನು ಹತ್ತಿದರೆ ತಾಯಂದಿರು ಮಕ್ಕಳನ್ನು ಹತ್ತಿರ ಎಳೆದುಕೊಳ್ಳುತ್ತಿದ್ದರು.

"ನನ್ನ ಹೆಂಡತಿ ಈರುಳ್ಳಿ ಹೆಚ್ಚೋ ಚಾಕು ಸಾಣೆಗೆ ಕೊಡೋದಕ್ಕೂ ನನ್ನನ್ನೇ ಕಳಿಸ್ತಾಳೆ," ಎಂದ ಉದ್ದಣ್ಣ. "ದಾರಿಯಲ್ಲಿ ಪೊಲೀಸರು ಹಿಡಿದರೆ ಪೊಲೀಸೇ ಇರಲಿ ಅಂತ. ಇವನು ನೋಡಿದರೆ ಬಾಚಣಿಗೆ ಇಟ್ಟುಕೊಂಡ ಹಾಗೆ ಇಟ್ಟುಕೊಂಡು ಓಡಾಡ್ತಿದ್ದ."

ಇನ್ಸ್‌ಪೆಕ್ಟರ್ ಎದ್ದು ಬೀರುವಿನಿಂದ ಕಂದು ಕಾಗದದ ಚೀಲ ತಂದಳು. ಬಂಧಿಸಿದ ದಿನ ಕಸಿಗಾರ ತೊಟ್ಟಿದ್ದ ಅಂಗಿ. ಮೇಜಿನ ಮೇಲೆ ಹರಡಿದಳು. ಹಿಂದಿನ ದಿನ ಸಂಜೆ ವಶಪಡಿಸಿಕೊಂಡ ವಸ್ತುಗಳ ಪಟ್ಟಿ ಪರಿಶೀಲಿಸುವಾಗ ಕಂಡದ್ದು ಮನಸ್ಸಿನಲ್ಲಿ ಮುಳ್ಳಿನ ಹಾಗೆ ಉಳಿದುಕೊಂಡಿತ್ತು.

"ಉದ್ದಣ್ಣ, ಇದರಲ್ಲಿ ಏನಿದೆ ನೋಡಿ."

"ಮಣ್ಣು. ನರ್ಸರಿಯವನ ಅಂಗಿಯಲ್ಲಿ ಮಣ್ಣಲ್ಲದೆ ಅತ್ತರು ಇರುತ್ತಾ?"

"ಎಲ್ಲೆಲ್ಲಿದೆ?"

ಉದ್ದಣ್ಣ ಬಗ್ಗಿದ. ಕತ್ತುಪಟ್ಟಿಯಿಂದ ಕೆಳ ಅಂಚಿನವರೆಗೆ ಮುಂಭಾಗವೆಲ್ಲ ಒದ್ದೆ ಮಣ್ಣು ಒಣಗಿ ಹೆಪ್ಪುಗಟ್ಟಿತ್ತು. ಬೆನ್ನು ಸ್ವಚ್ಛ. ಎರಡೂ ಮೊಣಕೈ ಹರಿದಿದ್ದವು. ರಕ್ತದ ಒಂದು ಚುಕ್ಕೆಯೂ ಇರಲಿಲ್ಲ.

"ಮಕಾಡೆ ಬಿದ್ದಿದ್ದಾನೆ," ಎಂದ ಉದ್ದಣ್ಣ, ನಿಧಾನವಾಗಿ. "ಬಿದ್ದು ತೆವಳಿದ್ದಾನೆ."

ಇನ್ಸ್‌ಪೆಕ್ಟರ್ ಟೈಲರಮ್ಮನ ಕಡೆ ತಿರುಗಿದಳು. ಟೈಲರಮ್ಮ ಕಸಿಗಾರನ ದೇಶದವಳೇ. ಇಪ್ಪತ್ತು ವರ್ಷದಿಂದ ಇಲ್ಲಿ ಶಾಲೆಯ ಮಕ್ಕಳ ಸಮವಸ್ತ್ರ ಹೊಲಿಯುತ್ತಾ ಬದುಕಿದವಳು. ಠಾಣೆಗೆ ಮಾತು ತಿರುಗಿಸಿ ಹೇಳಲು ಬೇರೆ ಯಾರೂ ಸಿಕ್ಕಿರಲಿಲ್ಲ.

"ಗಾಜಿನ ಮನೆಯಲ್ಲಿ ನೆಲದ ಮೇಲೆ ಯಾಕೆ ಮಲಗಿದ್ದೆ ಅಂತ ಕೇಳಿ."

ಟೈಲರಮ್ಮ ಕೇಳಿದಳು. ಕಸಿಗಾರ ಮೊದಲ ಬಾರಿಗೆ ಇನ್ಸ್‌ಪೆಕ್ಟರ ಮುಖವನ್ನು ನೇರವಾಗಿ ನೋಡಿದ. ಆ ನೋಟದಲ್ಲಿ ಭಯವಿರಲಿಲ್ಲ. ಇಷ್ಟು ಓದಿದವಳು ಇಂಥ ಪ್ರಶ್ನೆ ಕೇಳುತ್ತಾಳಲ್ಲ ಎಂಬ ಬೆರಗಿತ್ತು. ಎರಡು ಮಾತು ಆಡಿದ.

"ಏನಂದ?"

"ಮೇಡಂ... ಗುಂಡು ಹಾರಿದಾಗ ಯಾರಾದರೂ ನಿಂತ್ಕೊಂಡೇ ಇರ್ತಾರಾ, ಅಂತಾನೆ."



"ಯಾವ ಗುಂಡು?" ಎಂದ ಉದ್ದಣ್ಣ.

ಕಸಿಗಾರ ಈಗ ಟೈಲರಮ್ಮನಿಗೆ ಕಾಯದೆ ತನಗೆ ಬಂದಷ್ಟು ಇಲ್ಲಿನ ಭಾಷೆಯಲ್ಲೇ ಹೇಳಿದ. "ಸೋಮವಾರ ಗುಂಡು. ಏಳೂವರೆ. ಗಾಜು ಬಿತ್ತು. ನಾನು ನೆಲ. ನಿಮಗೆ ಎಲ್ಲ ಗೊತ್ತು. ಎಲ್ಲರಿಗೂ ಕೇಳಿಸ್ತು."

"ಮೂರು ದಿನ ಆಯ್ತಲ್ಲಪ್ಪ! ಒಂದು ಸಲವಾದರೂ ಬಾಯಿ ಬಿಡಬಾರದಿತ್ತಾ?" ಎಂದ ಉದ್ದಣ್ಣ.

"ಯಾರೂ ಕೇಳಲಿಲ್ಲ. ನೀವು ಚಾಕು ಕೇಳಿದಿರಿ. ಚಾಕು, ಚಾಕು, ಚಾಕು."

ಇನ್ಸ್‌ಪೆಕ್ಟರ್ ಕುರ್ಚಿಯಲ್ಲಿ ಕೂತಳು. ಸೋಮವಾರ ಅವಳೇ ಬರೆಸಿದ ಇಪ್ಪತ್ತಾರು ಹೇಳಿಕೆಗಳು ಕಡತದಲ್ಲಿದ್ದವು. ನರ್ಸರಿಯ ಎದುರಿನ ಬ್ರೆಡ್ ಅಂಗಡಿಯವಳು, ಅಂಚೆಯವಳು, ಶಾಲೆಯ ಕಾವಲುಗಾರ. ಎಲ್ಲರನ್ನೂ ಕೇಳಿದ್ದಳು: ಏನಾದರೂ ವಿಶೇಷ ಕೇಳಿಸಿತೇ? ಇಪ್ಪತ್ತಾರು ಜನರೂ ಇಲ್ಲ ಎಂದಿದ್ದರು.

ಫೋನ್ ಎತ್ತಿದಳು.

ಬ್ರೆಡ್ ಅಂಗಡಿಯವಳು ಮೊದಲು ಸಿಕ್ಕಳು. "ಸೋಮವಾರ ಬೆಳಿಗ್ಗೆ ಏಳೂವರೆಗೆ ಬಂದೂಕಿನ ಸದ್ದು ಕೇಳಿಸಿತಾ ನಿಮಗೆ?"

"ಓ, ಅದಾ! ಕೇಳಿಸ್ತಪ್ಪ. ಗಿರಾಕಿಗೆ ಚಿಲ್ಲರೆ ಕೊಡ್ತಾ ಇದ್ದೆ."

"ಮತ್ತೆ ನಾನು ಕೇಳಿದಾಗ ಏನೂ ಕೇಳಿಸಲಿಲ್ಲ ಅಂದಿರಲ್ಲ?"

"ವಿಶೇಷ ಏನಾದರೂ ಅಂತ ಕೇಳಿದಿರಿ. ಬಂದೂಕು ಏನು ವಿಶೇಷ? ದೊಡ್ಡ ಯಜಮಾನರು ಪಕ್ಕದ ತೋಟದಲ್ಲಿ ಹಕ್ಕಿ ಓಡಿಸೋಕೆ ದಿನಾ ಹೊಡೀತಾರಲ್ಲ."

ಅಂಚೆಯವಳೂ ಅದನ್ನೇ ಹೇಳಿದಳು. ಶಾಲೆಯ ಕಾವಲುಗಾರ "ಗಂಟೆ ಹೊಡೆಯೋ ಹೊತ್ತಾಯ್ತು ಅಂತ ಎದ್ದೆ" ಎಂದ. ಫೋನ್ ಇಟ್ಟಾಗ ಉದ್ದಣ್ಣ ತನ್ನ ಬೂಟಿನ ತುದಿ ನೋಡುತ್ತಿದ್ದ.

"ನನಗೂ ಕೇಳಿಸಿತ್ತು ಮೇಡಂ," ಎಂದ. "ಬೂಟಿಗೆ ಪಾಲಿಶ್ ಹಾಕ್ತಾ ಇದ್ದೆ. ಬ್ರಷ್ ಕೂಡ ನಿಲ್ಲಿಸಲಿಲ್ಲ."

ಅವಳಿಗೂ ಕೇಳಿಸಿರಬೇಕು. ಅವಳ ಮನೆ ನರ್ಸರಿಗೆ ಮೂರೇ ಬೀದಿ ಆಚೆ. ಎಷ್ಟು ನೆನಪಿಸಿಕೊಂಡರೂ ಆ ಹೊತ್ತಿನದು ಏನೂ ನೆನಪಾಗಲಿಲ್ಲ. ಅದೇ ಅವಳನ್ನು ಹೆಚ್ಚು ಕಂಗೆಡಿಸಿತು.

ಟೈಲರಮ್ಮ ಕಸಿಗಾರನ ಜೊತೆ ತಗ್ಗಿದ ದನಿಯಲ್ಲಿ ಮಾತಾಡುತ್ತಿದ್ದಳು.

"ನಮ್ಮ ಕಡೆ ಬಂದೂಕು ಇರೋದು ಸೈನ್ಯದವರ ಹತ್ತಿರ ಮಾತ್ರ ಮೇಡಂ," ಎಂದಳು ಟೈಲರಮ್ಮ. "ಆ ಸದ್ದು ಕೇಳಿಸಿತು ಅಂದರೆ ಯಾರೋ ಸತ್ತರು ಅಂತಾನೇ ಅರ್ಥ. ನಾನು ಇಲ್ಲಿಗೆ ಬಂದ ಹೊಸದರಲ್ಲಿ ಹೊಲಿಗೆ ಮಿಷನ್ ಅಡಿಗೆ ನುಗ್ಗಿ ಕೂತಿದ್ದೆ, ಮೂರು ಸಲ. ಅಕ್ಕಪಕ್ಕದವರು ನಕ್ಕರು. ಆಮೇಲೆ ರೂಢಿಯಾಯ್ತು. ಇವನಿಗೆ ಇನ್ನೂ ರೂಢಿಯಾಗಿಲ್ಲ."

"ಚಾಕು? ಅದನ್ನೂ ಕೇಳಿ. ನಿಜ ಹೇಳಲಿ."

ಕಸಿಗಾರ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು, ಬೆರಳ ಸಂದಿಯಿಂದ ಮಾತಾಡಿದ. ಟೈಲರಮ್ಮ ಕಣ್ಣೊರೆಸಿಕೊಂಡು ತಿರುಗಿಸಿ ಹೇಳಿದಳು.

"ಕಸಿಗೆ ಕಡ್ಡಿ ಚೂಪು ಮಾಡ್ತಾ ಇದ್ದನಂತೆ. ಗುಂಡು ಹಾರಿದ ಕೂಡಲೇ ಚಾಕು ಮೇಜಿನ ಮೇಲೆ ಬಿಟ್ಟು ನೆಲಕ್ಕೆ ಬಿದ್ದ. ತೆವಳಿಕೊಂಡು ಹಿಂದಿನ ಬಾಗಿಲಿಂದ ಓಡಿದ. ಯಜಮಾನರು ಕುಂಡಗಳ ಆ ಬದಿಗಿದ್ದರು. ಅವರು ಏನಾದರು ಅಂತ ತಿರುಗಿಯೂ ನೋಡಲಿಲ್ಲ. ನಮ್ಮಲ್ಲಿ ಕಸುಬು ಕೈಗೆ ಹತ್ತಿದ ದಿನ ತಂದೆ ಮಗನಿಗೆ ಚಾಕು ಕೊಡ್ತಾನೆ ಮೇಡಂ. ಅದನ್ನ ಬಿಟ್ಟು ಓಡೋದು ಅಂದರೆ ತೊಟ್ಟಿಲ ಮಗುವನ್ನ ಬಿಟ್ಟು ಓಡಿದ ಹಾಗೆ. ಆ ಮಾತನ್ನ ನನ್ನೆದುರು ಹೇಳೋದಕ್ಕೆ ಇವನಿಗೆ ಬಾಯಿ ಬರಲಿಲ್ಲ. ನಾನೂ ಆ ಕಡೆಯವಳು ತಾನೇ?"

"ಜೈಲಿಗೆ ಹೋಗೋದಕ್ಕಿಂತ ಅದು ದೊಡ್ಡದಾ?"

"ಇನ್ನೂ ಇದೆ. ನೀವು ಇವನಿಗೆ ಫೋಟೋ ತೋರಿಸಿದಿರಿ. ಯಜಮಾನರ ಎದೆಯಲ್ಲಿ ಇವನ ಚಾಕು. ತಾನು ಬಿಟ್ಟು ಬಂದ ಚಾಕು ಅವರನ್ನ ಕೊಂದಿತು, ಹಾಗಾದರೆ ಕೊಂದವನು ತಾನೇ ಅಲ್ಲವಾ, ಅಂತ ಕೇಳ್ತಾನೆ."

ಇನ್ಸ್‌ಪೆಕ್ಟರ್ ಟೋಪಿ ಎತ್ತಿಕೊಂಡಳು.

"ಉದ್ದಣ್ಣ, ಜೀಪು ತೆಗೀರಿ. ದೇಹ ಸುಟ್ಟು ಬೂದಿಯಾದ ಮೇಲೆ ಯಾರನ್ನ ಏನು ಕೇಳೋದು?"

*

ಸರಕಾರಿ ಆಸ್ಪತ್ರೆಯ ಹಿತ್ತಿಲ ಅಂಗಳದಲ್ಲಿ ಆಗಲೇ ಜನ ನೆರೆದಿದ್ದರು. ಬಿಳಿ ಹೂವು ಹಾಕಿದ ವ್ಯಾನು ಶವಾಗಾರದ ಬಾಗಿಲಿಗೆ ಹಿಂಬದಿ ಮಾಡಿ ನಿಂತಿತ್ತು. ಸತ್ತವರ ಅಣ್ಣ, ದೊಡ್ಡ ಯಜಮಾನರು, ವ್ಯಾನಿನ ಬಾಗಿಲು ಹಿಡಿದು ನಿಂತಿದ್ದರು. ಎಪ್ಪತ್ತೆರಡು ವರ್ಷ, ನೆಟ್ಟಗಿನ ಬೆನ್ನು. ಪಕ್ಕದಲ್ಲಿ ತಮ್ಮನ ಹೆಂಡತಿ, ಮೂರು ದಿನದಿಂದ ಮಾತು ನಿಂತವಳ ಹಾಗೆ, ನೆಲ ನೋಡುತ್ತಿದ್ದಳು.

ಇನ್ಸ್‌ಪೆಕ್ಟರ್ ನೇರವಾಗಿ ಡಾಕ್ಟರ ಕೋಣೆಗೆ ಹೋದಳು.

"ಎಕ್ಸ್‌ರೇ?" ಡಾಕ್ಟರು ಕನ್ನಡಕ ತೆಗೆದರು. "ಎದೆಯಲ್ಲಿ ಚಾಕು ನಿಂತಿತ್ತಲ್ಲಮ್ಮ. ತೆಗೆದೆ, ಆಳ ಅಳೆದೆ, ವರದಿ ಬರೆದೆ. ಒಳಗೆ ಪೂರ್ತಿ ಬಿಚ್ಚಿ ನೋಡೋ ಡಾಕ್ಟರು ರಜೆಯಲ್ಲಿದ್ದಾರೆ, ಮನೆಯವರೂ ಬೇಡ ಅಂದರು. ಇನ್ನೇನು ಹುಡುಕಬೇಕಿತ್ತು ನಾನು?"

"ರಕ್ತ ಎಷ್ಟು ಹೋಗಿತ್ತು?"

ಡಾಕ್ಟರು ವರದಿ ತೆರೆದರು. ಓದಿದರು. ಇನ್ನೊಮ್ಮೆ ಓದಿದರು.

"ಚಾಕುವಿನ ಸುತ್ತ ತುಂಬ ಕಡಿಮೆ ಇತ್ತು," ಎಂದರು, ಈಗ ಬೇರೆ ದನಿಯಲ್ಲಿ. "ಚಾಕು ಗಾಯಕ್ಕೆ ಬೆಣೆಯ ಹಾಗೆ ನಿಂತಿದ್ದರಿಂದ ಅಂತ ಅಂದುಕೊಂಡೆ."

"ಅಂದುಕೊಂಡಿರಿ."

"ಅಂದುಕೊಂಡೆ," ಎಂದು ಡಾಕ್ಟರು ಎದ್ದರು.

ದೇಹವನ್ನು ಮತ್ತೆ ಒಳಗೆ ತರಬೇಕು ಎಂದಾಗ ಅಂಗಳದಲ್ಲಿ ಗುಜುಗುಜು ಎದ್ದಿತು. ಯಾರೋ "ಸತ್ತವರನ್ನೂ ನೆಮ್ಮದಿಯಾಗಿ ಬಿಡಲ್ಲ" ಎಂದರು. ದೊಡ್ಡ ಯಜಮಾನರು ಕೈ ಎತ್ತಿ ಎಲ್ಲರನ್ನೂ ಸುಮ್ಮನಿರಿಸಿದರು.

"ಕಾರಣ ಇಲ್ಲದೆ ಅವಳು ಬರಲ್ಲ," ಎಂದರು. "ಎಷ್ಟು ಹೊತ್ತು ಬೇಕು ಮಗಳೇ?"

"ಅರ್ಧ ಗಂಟೆ ಮಾವ."

ಅವರು ಅವಳ ಅಪ್ಪನ ಗೆಳೆಯರು. ಅವಳಿಗೆ ಹದಿನಾಲ್ಕು ವರ್ಷವಾದಾಗ, ತೋಟದ ಬೇಲಿಯ ಮೇಲೆ ಖಾಲಿ ಡಬ್ಬಿ ಸಾಲಾಗಿಟ್ಟು, ಭುಜಕ್ಕೆ ಬಂದೂಕು ಹೇಗೆ ಒತ್ತಿ ಹಿಡಿಯಬೇಕು ಎಂದು ಕಲಿಸಿದವರು ಅವರೇ.

ಇಪ್ಪತ್ತು ನಿಮಿಷದ ನಂತರ ಡಾಕ್ಟರು ಎಕ್ಸ್‌ರೇ ಹಾಳೆಯನ್ನು ಬೆಳಕಿಗೆ ಹಿಡಿದರು. ಪಕ್ಕೆಲುಬಿನ ಬೂದು ಕಮಾನುಗಳ ಹಿಂದೆ, ಬೆನ್ನುಮೂಳೆಗೆ ಅಂಟಿಕೊಂಡು, ಬಟಾಣಿ ಕಾಳಿನಷ್ಟು ಬೆಳ್ಳಗಿನ ಒಂದು ಚುಕ್ಕೆ.

"ಗುಂಡು ಹೋದ ದಾರಿಯಲ್ಲೇ ಚಾಕು ತೂರಿಸಿದ್ದಾರೆ," ಎಂದರು ಡಾಕ್ಟರು. "ಆಗಲೇ ಜೀವ ಹೋಗಿತ್ತು. ನಾನು ಸಹಿ ಹಾಕಿ ಕಳಿಸ್ತಿದ್ದೆನಲ್ಲಮ್ಮ."

ಗುಂಡು ಹೊರಗೆ ಬಂತು. ಸ್ಟೀಲಿನ ತಟ್ಟೆಯಲ್ಲಿ ಅದು ಬಿದ್ದ ಸದ್ದು ತೀರ ಸಣ್ಣದು. ಹಕ್ಕಿ ಹೊಡೆಯುವ ಚರೆಯಲ್ಲ; ರೈಫಲಿನದು, ಸಣ್ಣ ಅಳತೆಯದು. ಉದ್ದಣ್ಣ ಅದನ್ನು ಗಾಜಿನ ಸೀಸೆಗೆ ಹಾಕಿ, ಚೀಟಿ ಅಂಟಿಸಿ, ಸಮಯ ಬರೆದ.

ಇನ್ಸ್‌ಪೆಕ್ಟರ್ ಕಾರಿಡಾರಿನಿಂದಲೇ ಠಾಣೆಗೆ ಫೋನ್ ಮಾಡಿ ಟೈಲರಮ್ಮನನ್ನು ಕರೆಸಿದಳು.

"ಅವರ ಚಾಕು ಯಜಮಾನರನ್ನ ಕೊಂದಿಲ್ಲ ಅಂತ ಅವರಿಗೆ ಹೇಳಿ. ಚಾಕು ಅಲ್ಲಿಗೆ ಬರೋ ಹೊತ್ತಿಗೆ ಯಜಮಾನರು ಇರಲಿಲ್ಲ. ಸ್ಪಷ್ಟವಾಗಿ ಹೇಳಿ, ಎರಡು ಸಲ ಹೇಳಿ."

ಆ ಕಡೆಯಿಂದ ಕುರ್ಚಿ ಸರಿದ ಸದ್ದು, ಟೈಲರಮ್ಮನ ದನಿ, ಆಮೇಲೆ ಒಬ್ಬ ಗಂಡಸು ಬಿಕ್ಕಿ ಬಿಕ್ಕಿ ಅಳುವುದು ಕೇಳಿಸಿತು. ಇನ್ಸ್‌ಪೆಕ್ಟರ್ ಫೋನನ್ನು ಮೆಲ್ಲಗೆ ಇಟ್ಟಳು.

*

ದೊಡ್ಡ ಯಜಮಾನರ ಮನೆಯ ನಡುಮನೆಯಲ್ಲಿ ಬಂದೂಕಿನ ಬೀರು ಪುಸ್ತಕದ ಕಪಾಟಿಗೂ ಮಕ್ಕಳ ಫೋಟೋಗಳಿಗೂ ನಡುವೆ ನಿಂತಿತ್ತು. ಈ ಊರಿನ ಮುಕ್ಕಾಲು ಪಾಲು ಮನೆಗಳಲ್ಲಿ ಅಂಥದೊಂದು ಬೀರು ಇದೆ. ಮನೆಗೆ ಬಂದವರು ಗಡಿಯಾರ ನೋಡಿದ ಹಾಗೆ ಅದನ್ನು ನೋಡಿ ಸುಮ್ಮನಾಗುತ್ತಾರೆ.

ದೊಡ್ಡ ಯಜಮಾನರು ಕೂರಲಿಲ್ಲ. ಗುಂಡಿನ ಸೀಸೆ ನೋಡಿದ ಮೇಲೆ ಅವರು ಆಸ್ಪತ್ರೆಯಲ್ಲಿ ಒಂದು ಮಾತೂ ಆಡಿರಲಿಲ್ಲ. ಅಂತ್ಯಕ್ರಿಯೆಯನ್ನು ಸಂಜೆಗೆ ಮುಂದೂಡಿ, ಜನರನ್ನು ಕಳಿಸಿ, ಪೊಲೀಸ್ ಜೀಪಿನಲ್ಲೇ ಬಂದಿದ್ದರು.

"ಹೇಳು," ಎಂದರು.

"ಸೋಮವಾರ ಏಳೂವರೆಗೆ ಎಲ್ಲಿದ್ದಿರಿ ಮಾವ?"

"ಇಲ್ಲೇ. ಈ ಕಿಟಕಿ ಹತ್ತಿರ. ಕಾಫಿ ಕುಡೀತಾ ಇದ್ದೆ."

"ತೋಟದಲ್ಲಿ ಇರಲಿಲ್ಲವಾ? ಹಕ್ಕಿಗೆ ಗುಂಡು ಹಾರಿಸಿದ್ದು ನೀವೇ ಅಂತ ಊರೆಲ್ಲ ಅಂದುಕೊಂಡಿದೆ."

"ಊರಿಗೇನು? ಹಣ್ಣು ಕಿತ್ತು ಮುಗಿದದ್ದು ಭಾನುವಾರ ಸಂಜೆ. ಸೋಮವಾರ ಮರದಲ್ಲಿ ಹಣ್ಣೇ ಇರಲಿಲ್ಲ. ಯಾವ ಹಕ್ಕಿ ಓಡಿಸಲಿ ನಾನು?"

ಉದ್ದಣ್ಣ ಬರೆಯುವುದನ್ನು ನಿಲ್ಲಿಸಿ ತಲೆ ಎತ್ತಿದ.

"ಹಾಗಾದರೆ ಸದ್ದು ನಿಮಗೂ ಕೇಳಿಸಿತು."

"ಕೇಳಿಸ್ತು." ದೊಡ್ಡ ಯಜಮಾನರು ಕಿಟಕಿಯ ಕಡೆ ನೋಡಿದರು. ಬೇಲಿಯಾಚೆ ನರ್ಸರಿಯ ಗಾಜಿನ ಮನೆ ಬಿಸಿಲಿಗೆ ಹೊಳೆಯುತ್ತಿತ್ತು. "ಯಾರೋ ಹಾರಿಸಿದರು ಅಂದುಕೊಂಡೆ. ದಿನಾ ಹಾರಿಸುವವನು ನಾನೇ; ಅವತ್ತು ನಾನು ಹಾರಿಸಿರಲಿಲ್ಲ. ಆದರೂ ಯಾರೋ ಹಾರಿಸಿದರು ಅಂದುಕೊಂಡು ಲೋಟ ತುಟಿಗಿಟ್ಟೆ. ನನ್ನ ತಮ್ಮ ಅಲ್ಲಿ, ನೂರು ಹೆಜ್ಜೆ ದೂರದಲ್ಲಿ..."

ಅವರು ಕುರ್ಚಿಯ ಬೆನ್ನು ಹಿಡಿದುಕೊಂಡರು. ಇನ್ಸ್‌ಪೆಕ್ಟರ್ ಮುಂದೆ ಹೋಗಲಿಲ್ಲ. ಅವಳ ಒಳಗಿನ ಹುಡುಗಿ ಹೋಗಿ ಕೈ ಹಿಡಿಯಬೇಕೆಂದಳು. ಸಮವಸ್ತ್ರ ಅವಳನ್ನು ಅಲ್ಲೇ ನಿಲ್ಲಿಸಿತು.

"ಹೋದ ತಿಂಗಳು ಪುರಸಭೆಯಲ್ಲಿ ಚಿಕ್ಕ ಯಜಮಾನರು ಅರ್ಜಿ ಕೊಟ್ಟಿದ್ದರು," ಎಂದಳು. "ಬೇಟೆಯ ಕಾಲ ಬಿಟ್ಟು ಉಳಿದ ದಿನ ಊರಿನ ಬಂದೂಕುಗಳನ್ನೆಲ್ಲ ಠಾಣೆಯಲ್ಲಿ ಇಡಬೇಕು ಅಂತ."

"ಕೊಟ್ಟಿದ್ದ. ಅದೇ ಅರ್ಜಿಯಲ್ಲಿ, ಕಸಿಗಾರನಿಗೆ ಚಾಕು ಕಟ್ಟಿಕೊಂಡು ಓಡಾಡೋಕೆ ಅನುಮತಿ ಕೊಡಿ, ಅದು ಅವನ ಕಸುಬು, ಅಂತಲೂ ಬರೆದಿದ್ದ. ಸಭೆಯಲ್ಲಿ ಎಲ್ಲರೂ ನಕ್ಕರು. ಆಮೇಲೆ ಬೈದರು."

"ನೀವು?"

"ನಾನು ಎಲ್ಲರಿಗಿಂತ ಜೋರಾಗಿ ಬೈದೆ." ಅವರು ಅವಳ ಕಡೆ ತಿರುಗಿದರು. "ಬಂದೂಕು ಮನೆಗೆ ಸೇರಿದ್ದು ಕಣಪ್ಪ, ಅಂದೆ. ಅಪ್ಪ ಬಳಸಿದ್ದು, ಅಜ್ಜ ಬಳಸಿದ್ದು. ಬೀಗ ಇದೆ, ಲೈಸೆನ್ಸ್ ಇದೆ. ಅದನ್ನ ಹಿಡಿದವನು ಗೃಹಸ್ಥ. ಚಾಕು ಹಿಡಿದು ತಿರುಗುವವನು ಬೀದಿ ರೌಡಿ, ಅವನು ಒಂದಲ್ಲ ಒಂದು ದಿನ ಚುಚ್ಚೇ ಚುಚ್ತಾನೆ, ಅಂದೆ. ಅವನು ಏನಂದ ಗೊತ್ತಾ? ಅಣ್ಣ, ಈ ಮನುಷ್ಯನ ಊರಿನವರು ನಮ್ಮ ನಡುಮನೆ ನೋಡಿದರೆ ನಮ್ಮನ್ನ ಏನಂತಾರೆ ಯೋಚಿಸಿದ್ದೀಯಾ, ಅಂದ."

"ನೀವೇನಂದಿರಿ?"

"ಅವನ ಜೊತೆ ಮಾತು ಬಿಟ್ಟೆ. ಇಪ್ಪತ್ತೊಂದು ದಿನ. ಸೋಮವಾರ ನಾನಾಗೇ ಹೋಗಿ ಮಾತಾಡಿಸೋಣ ಅಂತಿದ್ದೆ. ಕಾಫಿ ಮುಗಿಸಿ ಹೋಗೋಣ ಅಂತ."

ಹೊರಗೆ ಯಾವುದೋ ಲಾರಿ ಹಾದುಹೋಯಿತು. ಬೀರುವಿನ ಗಾಜು ಸಣ್ಣಗೆ ಅದುರಿತು.

ಇನ್ಸ್‌ಪೆಕ್ಟರ್ ಕಿಟಕಿಯಾಚೆ ಕೈ ತೋರಿಸಿದಳು. "ಗಾಜಿನ ಮನೆಯಲ್ಲಿ ಒಡೆದ ಗಾಜು ನಿಮ್ಮ ಬೇಲಿಯ ಕಡೆಗಿದೆ ಮಾವ. ಚೂರೆಲ್ಲ ಒಳಗೆ ಬಿದ್ದಿವೆ. ಹೊಡೆದಾಟದಲ್ಲಿ ಒಡೆಯಿತು ಅಂತ ನಾನೇ ಪಂಚನಾಮೆಯಲ್ಲಿ ಬರೆದೆ. ಅದು ತಪ್ಪು. ಗುಂಡು ಬೇಲಿಯ ಕಡೆಯಿಂದ ಬಂತು. ಹಾರಿಸಿದವನು ಆಮೇಲೆ ಒಳಗೆ ಹೋಗಿ ಮೇಜಿನ ಮೇಲಿದ್ದ ಚಾಕು ಎತ್ತಿಕೊಂಡ. ಆ ಚಾಕು ಕಂಡರೆ ಇಡೀ ಊರು ಬೇರೆ ಯಾವ ಕಡೆಗೂ ನೋಡಲ್ಲ ಅಂತ ಅವನಿಗೆ ಗೊತ್ತಿತ್ತು. ನೋಡಲಿಲ್ಲ. ನಾನೂ ನೋಡಲಿಲ್ಲ."

"ಅಂದರೆ ಹಾರಿಸಿದವನು ನಮ್ಮವನೇ."

"ನಮ್ಮವನೇ. ನಿಮ್ಮ ಬೇಲಿ ಹತ್ತಿರ ನಿಂತರೂ ಯಾರಿಗೂ ಅನುಮಾನ ಬರದವನು. ನಿಮ್ಮ ಹೆಸರಲ್ಲಿ ರಿಜಿಸ್ಟರಿನಲ್ಲಿ ಐದು ಬಂದೂಕಿವೆ. ಬೀರು ತೆಗೆಯಿರಿ ಮಾವ. ನಾನು ಎಣಿಸಬೇಕು."

ದೊಡ್ಡ ಯಜಮಾನರ ಮುಖದ ಮೇಲೆ ಒಂದು ಬದಲಾವಣೆ ಹಾದುಹೋಯಿತು. ಅವಳು ಇಷ್ಟು ವರ್ಷದ ಕೆಲಸದಲ್ಲಿ ಅದನ್ನು ಸಾವಿರ ಮುಖಗಳ ಮೇಲೆ ನೋಡಿದ್ದಳು. ಏನೋ ತಟ್ಟನೆ ನೆನಪಾಗಿ, ಆ ನೆನಪು ಯಾಕಾದರೂ ಬಂತೋ ಅನ್ನಿಸುವ ಮುಖ.

"ಇವತ್ತು ಬೇಡ ಮಗಳೇ," ಎಂದರು. "ಸಂಜೆ ತಮ್ಮನ ಕೆಲಸ ಮುಗಿಯಲಿ. ನಾಳೆ ನಾನೇ ಠಾಣೆಗೆ ತರ್ತೀನಿ. ಎಲ್ಲಾ ತರ್ತೀನಿ."

"ಮಾವ, ಬೀಗದ ಕೈ."

"ನನ್ನ ಮಾತು ಕೇಳು. ನಾನೇ ಹಾರಿಸಿದೆ ಅಂತ ಬರ್ಕೋ. ಬೇಕಾದರೆ ಸಹಿ ಹಾಕ್ತೀನಿ."

ಉದ್ದಣ್ಣನ ಪೆನ್ನು ಗಾಳಿಯಲ್ಲೇ ನಿಂತಿತು.

"ನೀವು ಕಾಫಿ ಕುಡೀತಾ ಇದ್ದಿರಿ," ಎಂದಳು ಇನ್ಸ್‌ಪೆಕ್ಟರ್. ಅವಳ ದನಿ ಗಟ್ಟಿಯಾಗಿತ್ತು. "ಈಗ ತಾನೇ ಹೇಳಿದಿರಿ. ದುಃಖಪಡೋದು ಬೇರೆ, ನಟಿಸೋದು ಬೇರೆ. ನಿಮ್ಮಿಂದ ಎರಡನೆಯದು ಆಗಲ್ಲ. ಬೀಗದ ಕೈ ಕೊಡಿ."

ಅವರು ಜೇಬಿಗೆ ಕೈ ಹಾಕಿದರು. ಬೀಗದ ಕೈ ಅವಳ ಅಂಗೈಯಲ್ಲಿಟ್ಟರು.

ಬೀರುವಿನಲ್ಲಿ ಐದು ಗೂಡು. ಎರಡರಲ್ಲಿ ಚರೆ ಬಂದೂಕು, ಎರಡರಲ್ಲಿ ದೊಡ್ಡ ರೈಫಲು. ನಾಲ್ಕನ್ನೂ ಅವಳು ನಳಿಗೆ ಮೂಸಿ ನೋಡಿದಳು. ಬರೀ ಎಣ್ಣೆಯ ವಾಸನೆ. ಐದನೆಯ ಗೂಡು ಖಾಲಿ. ಹಸಿರು ಬಟ್ಟೆಯ ಮೇಲೆ ಸಣ್ಣ ರೈಫಲಿನ ಆಕಾರಕ್ಕೆ ಬಣ್ಣ ಮಾಸದೆ ಉಳಿದಿತ್ತು. ಪಕ್ಕದಲ್ಲಿದ್ದ ಕಾಡತೂಸಿನ ಡಬ್ಬಿಯ ಮುಚ್ಚಳ ತೆಗೆದಳು. ಒಂದನ್ನು ಎತ್ತಿ ಸೀಸೆಯ ಗುಂಡಿನ ಪಕ್ಕಕ್ಕೆ ಹಿಡಿದಳು. ಅಳತೆ ಒಂದೇ.

"ಇದು ಎಲ್ಲಿ?"

"ಕೊಟ್ಟಿದ್ದೀನಿ."

"ಕೊಟ್ಟಿದ್ದೀರಾ? ಯಾವಾಗ?"

"ಹೋದ ವಾರ. ಒಬ್ಬರು ಬಂದು ಎರಡು ದಿನಕ್ಕೆ ಕೊಡು ಅಂದರು, ಕೊಟ್ಟೆ. ಯಾಕೆ ಅಂತ ಕೇಳಲಿಲ್ಲ. ಪಕ್ಕದ ಮನೆಯವರು ಏಣಿ ಕೇಳಿದರೆ ಯಾಕೆ ಅಂತ ಕೇಳ್ತೀವಾ? ನಾಲ್ಕು ಕಾಡತೂಸನ್ನೂ ನಾನೇ ಎಣಿಸಿಕೊಟ್ಟೆ." ಅವರು ಕುರ್ಚಿಯಲ್ಲಿ ಕುಸಿದು ಕೂತರು. "ಇಷ್ಟು ಹೊತ್ತೂ ನೆನಪೇ ಆಗಿರಲಿಲ್ಲ. ನಿನ್ನಾಣೆಗೂ ಆಗಿರಲಿಲ್ಲ. ಕೊಟ್ಟಿದ್ದು ನನಗೆ ಒಂದು ವಿಷಯವೇ ಆಗಿರಲಿಲ್ಲ."

"ಯಾರಿಗೆ ಕೊಟ್ಟಿರಿ?"

"ಕೇಳಬೇಡ."

"ಮಾವ, ಠಾಣೆಯಲ್ಲಿ ಒಬ್ಬ ಮನುಷ್ಯ ತಾನೇ ಕೊಂದೆ ಅಂತ ನಂಬಿಕೊಂಡು ಮೂರು ದಿನ ಅನ್ನ ನೀರು ಬಿಟ್ಟು ಕೂತಿದ್ದ. ಕೇಳದೆ ಇದ್ದದ್ದು ಸಾಕಾಗಿದೆ. ಯಾರಿಗೆ?"

ದೊಡ್ಡ ಯಜಮಾನರು ಮೊದಲು ಉದ್ದಣ್ಣನನ್ನು ನೋಡಿದರು, ಆಮೇಲೆ ಅವಳನ್ನು.

"ನಿಮ್ಮಪ್ಪನಿಗೆ."

ಅವಳಿಗೆ ಕೇಳಿಸಿತು. ಆದರೂ ಆ ಒಂದು ಶಬ್ದ ಬೇರೆ ಯಾವುದೋ ಭಾಷೆಯದು ಎನ್ನುವ ಹಾಗೆ ನಿಂತಳು. ಅಪ್ಪ ಮೂವತ್ತೆರಡು ವರ್ಷ ಶಾಲೆಯಲ್ಲಿ ಚಿತ್ರ ಬರೆಯುವುದನ್ನು ಕಲಿಸಿದವರು. ಅಮ್ಮ ತೀರಿಕೊಂಡ ವರ್ಷ, ಮನೆಯಲ್ಲಿದ್ದ ಒಂದೇ ಬಂದೂಕನ್ನು ಮಾರಿಬಿಡು, ಇನ್ನು ಈ ಮನೆಗೆ ಅದು ಬೇಡ ಎಂದವರೂ ಅವರೇ.

"ಅರ್ಜಿಗೆ ನಿಮ್ಮಪ್ಪ ಸಹಿ ಹಾಕ್ತಾನೆ ಅಂತ ತಮ್ಮ ನಂಬಿಕೊಂಡಿದ್ದ," ಎಂದರು ದೊಡ್ಡ ಯಜಮಾನರು. "ಮೊದಲು ಹಾಕ್ತೀನಿ ಅಂದಿದ್ದನಂತೆ. ಆಮೇಲೆ ಆಗಲ್ಲ ಅಂದ. ಅವರಿಬ್ಬರ ನಡುವೆ ಏನಾಯಿತೋ ನನಗೆ ಗೊತ್ತಿಲ್ಲ."

ಇನ್ಸ್‌ಪೆಕ್ಟರ್ ಬೀರುವಿನ ಬಾಗಿಲು ಮುಚ್ಚಿದಳು. ಬೀಗ ಹಾಕಿದಳು. ಕೈ ತಾನಾಗಿ ಕೆಲಸ ಮಾಡುತ್ತಿತ್ತು.

"ಉದ್ದಣ್ಣ, ಬರ್ಕೊಳ್ಳಿ."

ಉದ್ದಣ್ಣ ಕದಲಲಿಲ್ಲ. "ಮೇಡಂ, ಇದನ್ನ ಒಂದು ಸಲ ವಿಚಾರಿಸಿ ಆಮೇಲೆ..."

"ಬೇರೆ ಯಾರ ಹೆಸರು ಬಂದಿದ್ದರೂ ಇಷ್ಟು ಹೊತ್ತಿಗೆ ಬರೆದಿರ್ತಿದ್ದಿರಿ. ಬರೀರಿ. ದಿನ, ಸಮಯ, ಹೇಳಿದವರ ಹೆಸರು, ನನ್ನ ತಂದೆಯ ಪೂರ್ತಿ ಹೆಸರು. ಅವರಿಗೂ ನನಗೂ ಇರುವ ಸಂಬಂಧವನ್ನೂ ಬರೀರಿ."

ಅವನು ಬರೆದ. ಅವಳು ಓದಿ ಸಹಿ ಹಾಕಿದಳು. ಅಕ್ಷರ ಎಲ್ಲೂ ಸೊಟ್ಟಗಾಗಿರಲಿಲ್ಲ.

ವರಾಂಡಕ್ಕೆ ಬಂದು ಮನೆಗೆ ಫೋನ್ ಮಾಡಿದಳು. ಈ ಹೊತ್ತಿಗೆ ಅಪ್ಪ ಸ್ನಾನ ಮುಗಿಸಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಪೇಪರು ಓದುತ್ತಾ ಕೂತಿರುತ್ತಾರೆ. ಫೋನ್ ಎಷ್ಟೋ ಸಲ ಗಂಟೆ ಹೊಡೆದ ಮೇಲೆ ಎತ್ತಿಕೊಳ್ಳುತ್ತಾರೆ. ಕಿವಿ ಈಚೆಗೆ ಮಂದ. ಇವತ್ತು ಮೊದಲ ಗಂಟೆಗೇ ಎತ್ತಿದರು.

"ಅಪ್ಪ," ಎಂದಳು.

ಆ ಕಡೆ ಉಸಿರಾಟ ಮಾತ್ರ ಕೇಳಿಸಿತು.

"ಅಪ್ಪ, ದೊಡ್ಡ ಮಾವನ ಮನೆಯಲ್ಲಿದ್ದೀನಿ. ಬೀರು ತೆಗೆದು ನೋಡಿದೆ."

"ಗೊತ್ತಾಯ್ತಾ," ಎಂದರು ಅಪ್ಪ. ಅದು ಪ್ರಶ್ನೆಯಾಗಿರಲಿಲ್ಲ. ದನಿ ತುಂಬ ದಣಿದಿತ್ತು, ಮತ್ತು ಅವಳು ಎಂದೂ ಕೇಳಿರದಷ್ಟು ತಗ್ಗಿತ್ತು, ಪಕ್ಕದಲ್ಲಿ ನಿಂತ ಯಾರಿಗೋ ಕೇಳಿಸಬಾರದು ಎಂಬ ಹಾಗೆ.

"ಈಗ ಮನೆಗೆ ಬರ್ತಾ ಇದ್ದೀನಿ. ಎಲ್ಲೂ ಹೋಗಬೇಡಿ."

"ಎಲ್ಲೂ ಹೋಗೋ ಹಾಗಿಲ್ಲಮ್ಮ," ಎಂದರು. "ನೀನು ಒಬ್ಬಳೇ ಬರಬೇಡ. ಠಾಣೆಯಲ್ಲಿ ಎಷ್ಟು ಜನ ಇದ್ದಾರೋ ಅಷ್ಟೂ ಜನರನ್ನ ಕರ್ಕೊಂಡು ಬಾ. ಮುಂಬಾಗಿಲಿಗೆ ಮಾತ್ರ ಬರಬೇಡ ಮಗಳೇ, ಬಂದೂಕು ನನ್ನ ಕೈಯಲ್ಲಿಲ್ಲ..."

ಫೋನ್ ಕಟ್ಟಾಯಿತು.

ಅದೇ ಕ್ಷಣಕ್ಕೆ, ಮೂರು ಬೀದಿಯಾಚೆ, ಅವಳ ಮನೆಯ ಕಡೆ, ಒಂದು ಗುಂಡು ಹಾರಿತು. ಬೇಲಿಯ ಆಚೆ ರಸ್ತೆಯಲ್ಲಿ ಸೈಕಲ್ ತುಳಿಯುತ್ತಿದ್ದ ಅಂಚೆಯವಳು ತಲೆ ಕೂಡ ಎತ್ತದೆ ಹೊರಟು ಹೋದಳು.